ಕೊಡಗಿನಲ್ಲಿ ಹವ್ಯಾಸ ಅರ್ಧಕ್ಕೆ ನಿಲ್ಲದಂತೆ ನಡೆಸುವುದು ಹೇಗೆ: ಮಳೆ, ಕುಯ್ಲು, ಬೂಷ್ಟಿನ ನಡುವೆ ಹಂತ ಹಂತವಾಗಿ

ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಮನೆಯೊಳಗೆ ಕೂರುವ ಹೊತ್ತು ಜಾಸ್ತಿಯಾಗುತ್ತದೆ. ಆಗ ಕೊಳಲು ಕೊಳ್ಳುತ್ತಾರೆ, ಉಲ್ಲನ್ ತರುತ್ತಾರೆ, ಓದಬೇಕೆಂದು ಪುಸ್ತಕಗಳನ್ನು ಪೇರಿಸಿಡುತ್ತಾರೆ. ದಿನಕ್ಕೆ ಒಂದು ಗಂಟೆ ಅಂತ ಶುರುವಾಗುತ್ತದೆ. ನವೆಂಬರ್ ಕೊನೆಗೆ ಕಾಫಿ ಹಣ್ಣಾಗುತ್ತದೆ, ಎಲ್ಲ ನಿಲ್ಲುತ್ತದೆ. ಮುಂದಿನ ಜೂನ್‌ನಲ್ಲಿ ತೆಗೆದು ನೋಡಿದರೆ ಕೊಳಲಿಗೆ ಬೂಷ್ಟು, ಸೂಜಿಗೆ ತುಕ್ಕು, ಪುಸ್ತಕಕ್ಕೆ ಮುಗ್ಗಲು ವಾಸನೆ. ಮತ್ತೆ ಮೊದಲಿನಿಂದ.

ಇದಕ್ಕೆ ಸೋಮಾರಿತನ ಕಾರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎರಡು ಸಂಗತಿಗಳು ತಪ್ಪುತ್ತಿವೆ. ಬಿಡುವಿನ ತಿಂಗಳ ಅಳತೆಗೆ ಅಭ್ಯಾಸ ಇಟ್ಟುಕೊಳ್ಳುತ್ತೇವೆ, ಅದು ಕುಯ್ಲಿನ ತಿಂಗಳಲ್ಲಿ ನಡೆಯುವುದಿಲ್ಲ. ಇನ್ನೊಂದು, ಸಾಮಾನನ್ನು ತೇವಕ್ಕೆ ಬಿಟ್ಟುಬಿಡುತ್ತೇವೆ. ಈ ಎರಡನ್ನು ಸರಿ ಮಾಡಿಕೊಂಡರೆ ನಿಧಾನವಾಗಿಯಾದರೂ ಮುಂದೆ ಹೋಗಬಹುದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹೆಚ್ಚಿನವರು ಮೊದಲ ಮೂರನ್ನು ಬಿಟ್ಟು ನೇರ ಅಭ್ಯಾಸಕ್ಕೆ ಹೋಗುತ್ತಾರೆ, ಅಲ್ಲೇ ಎಡವುತ್ತಾರೆ.

ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್. ಪೆನ್ನಿನ ಶಾಯಿ ಮಳೆಗಾಲದ ತೇವಕ್ಕೆ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಮುಚ್ಚಳ ಗಟ್ಟಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬ, ತೇವ ಹೀರುವ ಸಿಲಿಕಾ ಜೆಲ್ ಅರ್ಧ ಕಿಲೋ, ತೇವ ಎಷ್ಟಿದೆ ಎಂದು ತೋರಿಸುವ ಚಿಕ್ಕ ಹೈಗ್ರೋಮೀಟರ್, ಹಳೆಯ ಹತ್ತಿ ಬಟ್ಟೆ, ಒಂದು ಮೃದು ಬ್ರಷ್, ಚಾರ್ಜ್ ಮಾಡಿಡುವ ದೀಪ. ಸಂಗೀತ ಕಲಿಯುವವರ ಫೋನಿನಲ್ಲಿ ನೆಟ್ ಇಲ್ಲದೆಯೂ ನಡೆಯುವ ತಂಬೂರಿ ಮತ್ತು ಲಯಕ್ಕೆ ಟಿಕ್ ಟಿಕ್ ಎನ್ನುವ ಮೆಟ್ರೋನೋಮ್ ಆಪ್ ಇರಬೇಕು.

ಒಳ್ಳೆಯ ವಾದ್ಯ, ದುಬಾರಿ ದಾರ ಇವೆಲ್ಲ ಈಗ ಬೇಡ. ಒಂದು ಮಳೆಗಾಲ, ಒಂದು ಕುಯ್ಲು ದಾಟಿದ ಮೇಲೆ ಕೊಳ್ಳಿ.

1. ನಿಮ್ಮ ಮನೆಯ ವರ್ಷವನ್ನು ಬರೆಯಿರಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹನ್ನೆರಡು ತಿಂಗಳು ಬರೆದು, ಪ್ರತಿ ತಿಂಗಳ ಮುಂದೆ ಮನೆಯ ದೊಡ್ಡ ಕೆಲಸ ಬರೆಯಿರಿ. ಅರೇಬಿಕಾ ಕಾಫಿ ಇದ್ದರೆ ನವೆಂಬರ್‌ನಿಂದ ಜನವರಿವರೆಗೆ ಕುಯ್ಲು. ರೊಬಸ್ಟಾ ಇದ್ದರೆ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಎಳೆಯುತ್ತದೆ. ಅದರ ಬೆನ್ನಿಗೇ ಕಾಳುಮೆಣಸು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಓಡಿಸಬೇಕು, ರಾತ್ರಿ ನಿದ್ದೆಗೂ ಕತ್ತರಿ. ಗದ್ದೆ ಇರುವವರಿಗೆ ಜುಲೈ, ಆಗಸ್ಟ್‌ನಲ್ಲಿ ನಾಟಿ. ಕೈಲ್ ಪೊಳ್ದ್, ತುಲಾ ಸಂಕ್ರಮಣ, ಪುತ್ತರಿ ಹಬ್ಬಗಳ ಹಿಂದೆ ಮುಂದೆ ನೆಂಟರು ಬರುತ್ತಾರೆ, ಆ ವಾರಗಳನ್ನೂ ಗುರುತು ಹಾಕಿ.

ತೋಟ ಇಲ್ಲದವರ ಲೆಕ್ಕ ಬೇರೆ. ಹೋಂಸ್ಟೇ ನಡೆಸುವವರಿಗೆ ಡಿಸೆಂಬರ್ ಕೊನೆ, ಬೇಸಿಗೆ ರಜೆ ಮತ್ತು ಎಲ್ಲ ಉದ್ದದ ವಾರಾಂತ್ಯಗಳು ಬಿಗಿ. ಶಾಲೆಯಲ್ಲಿ ಕೆಲಸ ಮಾಡುವವರಿಗೆ ಮಾರ್ಚ್ ಬಿಗಿ. ಪಕ್ಕದ ಮನೆಯವರ ವರ್ಷ ನಿಮಗೆ ಹೊಂದುವುದಿಲ್ಲ.

ಈಗ ಎಲ್ಲಕ್ಕಿಂತ ಬಿಗಿಯಾದ ತಿಂಗಳಿಗೆ ಒಂದು ಗೆರೆ ಎಳೆಯಿರಿ. ಮುಂದಿನ ಎಲ್ಲ ಹಂತಕ್ಕೂ ಅದೇ ತಿಂಗಳು ಅಳತೆಗೋಲು.

2. ಕಲಿಯುವುದು ಒಂದು, ವಿಶ್ರಾಂತಿಗೆ ಒಂದು

ಕೊಳಲು, ಕ್ರೋಶ, ಓದು, ಚಿತ್ರ ಎಲ್ಲವನ್ನೂ ಒಟ್ಟಿಗೆ ಶುರು ಮಾಡುವುದು ನಾನು ಎಲ್ಲಕ್ಕಿಂತ ಜಾಸ್ತಿ ನೋಡಿರುವ ತಪ್ಪು. ಗಮನ ಕೊಟ್ಟು ಕಲಿಯಬೇಕಾದದ್ದು ಒಂದೇ ಇರಲಿ. ಇನ್ನೊಂದು, ಸುಸ್ತಾದಾಗಲೂ ಮಾಡಲು ಆಗುವಂಥದ್ದು ಇರಲಿ.

ಆರಿಸುವಾಗ ನಿಮ್ಮ ಕೈಗಳನ್ನು ನೋಡಿಕೊಳ್ಳಿ. ದಿನವಿಡೀ ಹಣ್ಣು ಕುಯ್ದ ಬೆರಳು ಬಿಗಿದಿರುತ್ತದೆ, ಗೀರು ಗಾಯ ಇರುತ್ತದೆ. ಆ ಬೆರಳಿನಲ್ಲಿ ಕೊಳಲಿನ ತೂತು ಸರಿಯಾಗಿ ಮುಚ್ಚುವುದಿಲ್ಲ, ಪಿಟೀಲಿನ ತಂತಿ ಒತ್ತಿದರೆ ನೋಯುತ್ತದೆ. ಹಾಗಾಗಿ ಕಲಿಯುವುದು ವಾದ್ಯವಾದರೆ ಜೊತೆಗಿರುವುದು ಓದು ಅಥವಾ ಕೇಳ್ಮೆ ಆಗಲಿ. ಕಲಿಯುವುದು ಕಸೂತಿಯಾದರೆ ಜೊತೆಗೆ ಹಾಡು ಇಟ್ಟುಕೊಳ್ಳಿ. ಎರಡಕ್ಕೂ ಬೆರಳೇ ಬೇಕಾದರೆ ಕುಯ್ಲಿನಲ್ಲಿ ಎರಡೂ ಒಟ್ಟಿಗೇ ನಿಲ್ಲುತ್ತವೆ.

ಕೊಳಲು ಹೊಸದಾಗಿ ಹಿಡಿಯುವವರಿಗೆ ಒಂದು ಮಾತು. ಕರ್ನಾಟಕ ಸಂಗೀತಕ್ಕೆ ಎಂಟು ತೂತಿನ ಕೊಳಲು, ಹಿಂದೂಸ್ತಾನಿಗೆ ಸಾಮಾನ್ಯವಾಗಿ ಆರು ತೂತಿನ ಬಾನ್ಸುರಿ. ಬೆರಳು ಇಡುವ ಕ್ರಮವೇ ಬೇರೆ. ಯಾವುದನ್ನು ಕಲಿಯುತ್ತೀರಿ ಎಂದು ತೀರ್ಮಾನಿಸದೆ ಜಾತ್ರೆಯಲ್ಲಿ ಕಂಡ ಕೊಳಲು ತರಬೇಡಿ. ತುಂಬ ಉದ್ದದ ಬಾನ್ಸುರಿಯೂ ಬೇಡ, ಬೆರಳು ಎಟುಕದೆ ಮಣಿಕಟ್ಟು ನೋಯುತ್ತದೆ.

3. ದಿನದ ಪಾಲನ್ನು ಕುಯ್ಲಿನ ಸಂಜೆಗೆ ಅಳೆದು ಇಡಿ

ಕಣದಲ್ಲಿ ಹರಡಿದ್ದ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಿ, ಸ್ನಾನ ಮಾಡಿ, ಊಟ ಮುಗಿಸಿ ಕೂತಿದ್ದೀರಿ. ಆ ಹೊತ್ತಿನಲ್ಲಿ ಎಷ್ಟು ಮಾಡಲು ಆಗುತ್ತದೆ? ಅಷ್ಟೇ ನಿಮ್ಮ ದಿನದ ಪಾಲು. ಜೂನ್‌ನಲ್ಲೂ ಅಷ್ಟೇ.

ಕೊಳಲಿಗೆ ಹತ್ತು ನಿಮಿಷ ಸಾಕು. ಐದು ನಿಮಿಷ ಒಂದೇ ಸ್ವರವನ್ನು ಉಸಿರು ಮುಗಿಯುವವರೆಗೆ ನೇರವಾಗಿ ಊದುವುದು, ಐದು ನಿಮಿಷ ಒಂದೇ ಒಂದು ಸರಳೆ ವರಸೆ, ಅಂದರೆ ಸಂಗೀತದ ಮೊದಲ ಸ್ವರಪಾಠ. ಕ್ರೋಶಕ್ಕೆ ಎರಡು ಸಾಲು. ಓದಿಗೆ ನಾಲ್ಕು ಪುಟ. ನಾಲ್ಕು ಪುಟ ಕಡಿಮೆ ಅನ್ನಿಸಬಹುದು. ವರ್ಷಕ್ಕೆ ಲೆಕ್ಕ ಹಾಕಿದರೆ 1,460 ಪುಟ ಆಗುತ್ತದೆ, ಅಂದರೆ 200 ಪುಟದ ಏಳು ಪುಸ್ತಕ. ವರ್ಷಕ್ಕೆ ಏಳು ಪುಸ್ತಕ ಓದುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಹೇಳಿ.

ಮಳೆ ಜಡಿಯುವ ದಿನ ಒಂದು ಗಂಟೆ ಮಾಡಿದರೆ ಖುಷಿಯೇ. ಆದರೆ ಆ ಒಂದು ಗಂಟೆಯನ್ನು ನಿಯಮ ಮಾಡಬೇಡಿ. ಇವತ್ತು ಜಾಸ್ತಿ ಮಾಡಿದ್ದೇನೆ, ನಾಳೆ ಬಿಡಬಹುದು ಎಂಬ ಲೆಕ್ಕವೂ ಬೇಡ. ಬೆರಳಿಗೂ ಉಸಿರಿಗೂ ವಾರಕ್ಕೊಮ್ಮೆ ಒಂದು ಗಂಟೆಗಿಂತ ದಿನಾ ಹತ್ತು ನಿಮಿಷ ಒಳ್ಳೆಯದು.

ಎಚ್ಚರಿಕೆಯ ಗುರುತು: ಅಭ್ಯಾಸಕ್ಕೆ ಕೂರುವ ಮೊದಲೇ ಮನಸ್ಸು ನೆವ ಹುಡುಕುತ್ತಿದ್ದರೆ ಪಾಲು ದೊಡ್ಡದಾಗಿದೆ ಎಂದರ್ಥ. ಅರ್ಧಕ್ಕೆ ಇಳಿಸಿ.

4. ಹೊತ್ತು ಮತ್ತು ಜಾಗ ಗೊತ್ತು ಮಾಡಿ

ಗಡಿಯಾರದ ಹೊತ್ತು ನಮ್ಮ ಕಡೆ ನಿಲ್ಲುವುದಿಲ್ಲ. ಆಳುಗಳು ಬೇಗ ಬರಬಹುದು, ಗಾಳಿಗೆ ಮರ ಬಿದ್ದು ಕರೆಂಟ್ ಹೋಗಬಹುದು. ಅದರ ಬದಲು ದಿನಾ ಹೇಗೂ ನಡೆಯುವ ಒಂದು ಕೆಲಸಕ್ಕೆ ಕಟ್ಟಿ: ಬೆಳಗಿನ ಕಾಫಿ ಕುಡಿದ ಲೋಟ ತೊಳೆದಿಟ್ಟ ತಕ್ಷಣ, ಅಥವಾ ಕೋಳಿಗೂಡು ಮುಚ್ಚಿ ಬಂದ ತಕ್ಷಣ.

ಚಾರ್ಜ್ ದೀಪ, ಫೋನು ಎರಡನ್ನೂ ಕರೆಂಟ್ ಇರುವಾಗಲೇ ತುಂಬಿಸಿಡಿ. ಪಾಠದ ವಿಡಿಯೋಗಳನ್ನು ನೆಟ್ ಚೆನ್ನಾಗಿರುವ ದಿನ ಇಳಿಸಿಕೊಳ್ಳಿ. ಗಾಳಿಮಳೆ ಶುರುವಾದ ಮೇಲೆ ಟವರೂ ಇರುವುದಿಲ್ಲ.

ಜಾಗದ ವಿಷಯಕ್ಕೆ ಬಂದರೆ, ವಾದ್ಯದವರು ಶೀಟಿನ ಮಾಡಿನ ಕೆಳಗೆ ಕೂರಬಾರದು. ಧೋ ಎಂದು ಮಳೆ ಸುರಿಯುವಾಗ ನಿಮ್ಮ ಸ್ವರ ನಿಮಗೇ ಕೇಳುವುದಿಲ್ಲ. ಕೇಳಲಿ ಅಂತ ಜೋರಾಗಿ ಊದುತ್ತೀರಿ, ಜೋರಾಗಿ ಊದಿದರೆ ಶ್ರುತಿ ಮೇಲೇರುತ್ತದೆ. ಒಂದು ಮಳೆಗಾಲ ಹೀಗೆ ಕಳೆದರೆ ತುಟಿಗೆ ಅದೇ ರೂಢಿಯಾಗುತ್ತದೆ, ಬಿಡಿಸಲು ಬಹಳ ಕಷ್ಟ. ಒಳಗಿನ ಕೋಣೆಗೆ ಹೋಗಿ, ತಂಬೂರಿಯನ್ನು ಇಯರ್‌ಫೋನಿನಲ್ಲಿ ಒಂದು ಕಿವಿಗೆ ಮಾತ್ರ ಹಾಕಿಕೊಳ್ಳಿ. ಮಳೆ ಅಷ್ಟಕ್ಕೂ ಮೀರಿದ್ದರೆ ಆ ದಿನ ಊದಬೇಡಿ, ಬೆರಳು ಅಭ್ಯಾಸ ಮಾತ್ರ ಮಾಡಿ.

ಚಳಿಯ ಬೆಳಿಗ್ಗೆ ಕೊಳಲಿನ ಶ್ರುತಿ ತಗ್ಗಿರುತ್ತದೆ. ಕೊಳಲು ಕೆಟ್ಟಿದೆ ಅಂದುಕೊಳ್ಳಬೇಡಿ. ಎರಡು ಮೂರು ನಿಮಿಷ ಮೆಲ್ಲಗೆ ಊದಿದರೆ ಒಳಗಿನ ಗಾಳಿ ಬಿಸಿಯಾಗಿ ತಾನೇ ಸರಿಹೋಗುತ್ತದೆ. ಆಮೇಲೆ ತಂಬೂರಿಗೆ ಹೊಂದಿಸಿ.

5. ತೇವದಿಂದ ಸಾಮಾನು ಕಾಪಾಡುವುದು

ಜನ ಅತಿ ಹೆಚ್ಚು ಕಳೆದುಕೊಳ್ಳುವುದು ಈ ಹಂತದಲ್ಲಿ. ಹಾಗಾಗಿ ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ.

ಗಾಳಿಯಲ್ಲಿ ತೇವ ನೂರಕ್ಕೆ 65, 70ರ ಮೇಲೆ ಬಹಳ ದಿನ ನಿಂತರೆ ಬೂಷ್ಟು ಬೆಳೆಯುತ್ತದೆ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯ ಮನೆಗಳಲ್ಲಿ ಮಳೆಗಾಲದಲ್ಲಿ ಹೈಗ್ರೋಮೀಟರ್ ಇದಕ್ಕಿಂತ ಎಷ್ಟೋ ಮೇಲೆ ನಿಲ್ಲುತ್ತದೆ. ಕುಶಾಲನಗರದ ಕಡೆ ಮಳೆ ಬಹಳ ಕಡಿಮೆ, ಅಲ್ಲಿನವರಿಗೆ ಇಷ್ಟು ಕಷ್ಟವಿಲ್ಲ. ಇಡೀ ಮನೆಯನ್ನು ಒಣಗಿಸಲು ಆಗುವುದಿಲ್ಲ. ಒಂದು ಡಬ್ಬದ ಒಳಗನ್ನು ಒಣಗಿಸಿಡಬಹುದು.

ಕ್ರಮ ಮುಖ್ಯ. ಮೊದಲು ಸಾಮಾನು ಪೂರ್ತಿ ಒಣಗಬೇಕು. ಆಮೇಲೆ ಡಬ್ಬ. ಆಮೇಲೆ ಸಿಲಿಕಾ ಜೆಲ್. ತೇವ ಇರುವಾಗಲೇ ಗಟ್ಟಿ ಮುಚ್ಚಿದರೆ ಹೊರಗಿಟ್ಟದ್ದಕ್ಕಿಂತ ಬೇಗ ಬೂಷ್ಟು ಬರುತ್ತದೆ. ಅದಕ್ಕೇ ಮೇ ತಿಂಗಳ ಬಿಸಿಲಿನ ದಿನವೇ ಈ ಕೆಲಸ ಮುಗಿಸಿ, ಮೊದಲ ಮಳೆಗೆ ಕಾಯಬೇಡಿ.

ಸಿಲಿಕಾ ಜೆಲ್ ಕೊಳ್ಳುವಾಗ ಕಿತ್ತಳೆ ಬಣ್ಣದ್ದು ಕೇಳಿ. ತೇವ ಕುಡಿದಾಗ ಅದು ಹಸಿರಾಗುತ್ತದೆ. ನೀಲಿ ಬಣ್ಣದ್ದು ಗುಲಾಬಿಯಾಗುತ್ತದೆ, ಆದರೆ ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷದ ವಸ್ತು ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಡಬ್ಬದ ಮೂಲೆಯಲ್ಲಿಡಿ, ವಾರಕ್ಕೊಮ್ಮೆ ಬಣ್ಣ ನೋಡಿ. ಬಣ್ಣ ಬದಲಾದರೆ ಎಸೆಯಬೇಡಿ. ಗಂಟು ಬಿಚ್ಚಿ, ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಮೊದಲಿನಂತಾಗುತ್ತದೆ. ಓವನ್ ಇಲ್ಲದಿದ್ದರೆ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ, ತೀರಾ ಸಣ್ಣ ಉರಿಯಲ್ಲಿ, ಕಿಟಕಿ ತೆರೆದು, ಕೈಯಾಡಿಸುತ್ತಾ ಬಿಸಿ ಮಾಡಿ. ಆರಿದ ಮೇಲೆ ತಕ್ಷಣ ಡಬ್ಬಕ್ಕೆ ಹಾಕಿ.

ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ. ಅಲ್ಲಿ ಅಡುಗೆಯ ಹುಳಿಯಾದ ಕೊಡಂಪುಳಿ ಇಡಬಹುದು, ಪಿಟೀಲು ಇಡಬಾರದು. ಬಿಸಿಗೆ ಅಂಟು ಬಿಡುತ್ತದೆ, ಹೊಗೆ ಮಸಿ ಹಿಡಿಯುತ್ತದೆ. ಬೀರುವಿನೊಳಗೆ ಬಲ್ಬ್ ಉರಿಸುವವರೂ ಇದ್ದಾರೆ. ಈಗಿನ ಎಲ್‌ಇಡಿ ಬಲ್ಬ್ ಅಷ್ಟು ಬಿಸಿ ಕೊಡುವುದಿಲ್ಲ, ಹಳೆಯ ಬಲ್ಬ್ ಬಟ್ಟೆಗೆ ತಾಗಿದರೆ ಬೆಂಕಿ ಹತ್ತುತ್ತದೆ. ನಾನು ಬೇಡ ಅನ್ನುತ್ತೇನೆ. ನುಸಿಗುಳಿಗೆ ಹುಳುವನ್ನು ದೂರ ಇಡುತ್ತದೆ, ತೇವವನ್ನಲ್ಲ.

ಇನ್ನು ಒಂದೊಂದಾಗಿ ನೋಡೋಣ.

ಕೊಳಲು: ಊದಿದ ಮೇಲೆ ಒಳಗೆ ಉಸಿರಿನ ನೀರು ನಿಲ್ಲುತ್ತದೆ. ಕಡ್ಡಿಗೆ ಹತ್ತಿ ಬಟ್ಟೆ ಸುತ್ತಿ ಒಳಗೆಲ್ಲ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು ಆಮೇಲೆ ಡಬ್ಬಕ್ಕೆ. ಮಳೆಗಾಲದಲ್ಲಿ ಎಣ್ಣೆ ಹಚ್ಚಬೇಡಿ, ಜಿಗುಟಾಗಿ ಕೊಳೆ ಹಿಡಿಯುತ್ತದೆ. ಫೆಬ್ರವರಿ, ಮಾರ್ಚ್‌ನ ಒಣಗಾಳಿಯಲ್ಲಿ ಬಿದಿರು ಸೀಳುವ ಭಯ ಇರುತ್ತದೆ. ಎಣ್ಣೆಯನ್ನು ಆಗ ತೆಳುವಾಗಿ ಹಚ್ಚಿ, ಸಿಲಿಕಾ ಜೆಲ್ ಹೊರಗೆ ತೆಗೆಯಿರಿ.

ತಬಲ, ಮೃದಂಗ: ತೇವಕ್ಕೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಬೆಂಕಿಯ ಹತ್ತಿರ ಹಿಡಿದು ಏರಿಸಲು ಹೋಗಬೇಡಿ, ಚರ್ಮದ ನಡುವಿನ ಕಪ್ಪು ಕರಣೆ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಸ್ವಲ್ಪ ತಗ್ಗಿನ ಶ್ರುತಿಯಲ್ಲೇ ಅಭ್ಯಾಸ ಮಾಡಿ.

ಪಿಟೀಲು: ತಂತಿ ಬಿಗಿಯುವ ಬಿರಡೆಗಳು ಉಬ್ಬಿ ಬಿಗಿಯುತ್ತವೆ. ಬಲ ಹಾಕಿ ತಿರುಗಿಸಬೇಡಿ. ಡಬ್ಬದಲ್ಲಿ ಒಂದೆರಡು ದಿನ ಒಣಗಲು ಬಿಟ್ಟರೆ ತಾವೇ ಸಡಿಲವಾಗುತ್ತವೆ. ಬಹಳ ದಿನ ಎತ್ತಿಡುವುದಾದರೆ ತಂತಿಗಳನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿ. ಪೂರ್ತಿ ಬಿಚ್ಚಿದರೆ ತಂತಿ ಹೊರುವ ಕುದುರೆ ಬೀಳುತ್ತದೆ, ಒಳಗಿನ ಕಡ್ಡಿಯೂ ಜಾರಬಹುದು.

ಹಾರ್ಮೋನಿಯಂ: ವಾರಕ್ಕೊಮ್ಮೆ ಎಲ್ಲ ಮನೆಗಳನ್ನೂ ಒತ್ತಿ ನುಡಿಸಿ. ಸುಮ್ನೆ ಮುಚ್ಚಿಟ್ಟರೆ ರೀಡಿಗೆ ತುಕ್ಕು, ತಿದಿಗೆ ಬೂಷ್ಟು.

ಕ್ರೋಶ, ಕಸೂತಿ: ಉಕ್ಕಿನ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ಬಿಡಬೇಡಿ, ತುಕ್ಕಿನ ಕಲೆ ಹೋಗುವುದಿಲ್ಲ. ಕೆಲಸ ನಿಲ್ಲಿಸಿದ ಪ್ರತಿ ಸಲ ಫ್ರೇಮ್ ಬಿಚ್ಚಿ. ಕ್ರೋಶ ಕಡ್ಡಿ ಅಲ್ಯೂಮಿನಿಯಂ ಅಥವಾ ಬಿದಿರಿನದು ಇರಲಿ.

ಪುಸ್ತಕ: ಕಲ್ಲಿನ ಅಥವಾ ಹೊರಗೋಡೆಗೆ ತಾಗಿಸಿ ಜೋಡಿಸಬೇಡಿ, ನಾಲ್ಕು ಬೆರಳು ಅಗಲ ಬಿಡಿ. ಒತ್ತೊತ್ತಾಗಿ ತುರುಕಬೇಡಿ, ನಡುವೆ ಗಾಳಿ ಆಡಬೇಕು. ಈ ಮಳೆಗಾಲಕ್ಕೆ ಓದುವ ಎರಡು ಮೂರನ್ನು ಮಾತ್ರ ಹೊರಗಿಟ್ಟು ಉಳಿದದ್ದನ್ನು ಡಬ್ಬಕ್ಕೆ ಹಾಕಿ.

ಎಚ್ಚರಿಕೆಯ ಗುರುತುಗಳು ಇವು: ಡಬ್ಬ ತೆರೆದಾಗ ಮುಗ್ಗಲು ವಾಸನೆ, ಪುಸ್ತಕದ ರಟ್ಟು ಹೊರಕ್ಕೆ ಬಾಗುವುದು, ಬಿಳಿ ಪುಡಿಯಂಥ ಚುಕ್ಕೆ. ವಾಸನೆ ಬಂದ ದಿನವೇ ಕೈ ಹಾಕಿ. ಚುಕ್ಕೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಬೂಷ್ಟು ಬಂದೇಬಿಟ್ಟರೆ ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ, ಒಳಕ್ಕೆ ಇಳಿಯುತ್ತದೆ. ಮೊದಲು ಪೂರ್ತಿ ಒಣಗಿಸಿ. ಆಮೇಲೆ ಹೊರಗೆ ಜಗಲಿಯಲ್ಲಿ ಮಾಸ್ಕ್ ಹಾಕಿಕೊಂಡು ಬ್ರಷ್‌ನಿಂದ ನಿಮ್ಮಿಂದ ಆಚೆಗೆ ತಳ್ಳಿ. ಉಬ್ಬಸ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು, ಬೇರೆಯವರಿಗೆ ಹೇಳಿ.

6. ನಿಲ್ಲಿಸುವಾಗ ಮುಂದಿನ ಕೆಲಸ ಬರೆದಿಡಿ

ನಾಳೆ ಎಲ್ಲಿಂದ ಶುರು ಮಾಡಬೇಕು ಎಂದು ಹುಡುಕುವುದರಲ್ಲೇ ಹತ್ತು ನಿಮಿಷ ಹೋದರೆ ಅಭ್ಯಾಸ ಯಾವಾಗ? ಏಳುವ ಮೊದಲು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ. ಇವತ್ತು ಏನಾಯಿತು ಎಂದು ಬೇಡ, ನಾಳೆ ಏನು ಎಂದು ಬರೆಯಿರಿ. ಕೊಳಲಿಗಾದರೆ: ಎರಡನೇ ಸರಳೆ ವರಸೆ, ಮೊದಲ ಕಾಲ, ಮೆಟ್ರೋನೋಮ್ 60, ಮ ಪ ನಡುವೆ ನಿಧಾನ. ಕ್ರೋಶಕ್ಕೆ: 14ನೇ ಸಾಲು, 42 ಮನೆ, ಕಡ್ಡಿ 3.5.

ಕ್ರೋಶದ ಕೊನೆಯ ಕುಣಿಕೆಗೆ ಒಂದು ಸೇಫ್ಟಿ ಪಿನ್ ಹಾಕಿ, ಇಲ್ಲದಿದ್ದರೆ ಯಾರೋ ಎಳೆದು ಬಿಚ್ಚಿಹೋಗುತ್ತದೆ. ಸಾಲು ಮುಗಿದಾಗಲೆಲ್ಲ ಮನೆ ಎಣಿಸಿ. ಐದು ಸಾಲು ಆದ ಮೇಲೆ ತಪ್ಪು ಕಂಡರೆ ಐದನ್ನೂ ಬಿಚ್ಚಬೇಕು.

ಪುಸ್ತಕವನ್ನು ಅಧ್ಯಾಯದ ಕೊನೆಯಲ್ಲಿ ನಿಲ್ಲಿಸುವುದಕ್ಕಿಂತ ನಡುವೆ ನಿಲ್ಲಿಸಿ. ಮುಂದೇನು ಎಂಬ ಕುತೂಹಲ ನಾಳೆ ಮತ್ತೆ ಕರೆತರುತ್ತದೆ. ಕುಯ್ಲಿನ ತಿಂಗಳಲ್ಲಿ ದಪ್ಪ ಕಾದಂಬರಿ ಹಿಡಿಯಬೇಡಿ, ಪಾತ್ರಗಳ ಹೆಸರೇ ಮರೆತುಹೋಗುತ್ತದೆ. ಸಣ್ಣಕತೆ, ಪ್ರಬಂಧ ಅದಕ್ಕೆ ಹೊಂದುತ್ತದೆ.

7. ಪ್ರಗತಿಯನ್ನು ತಿಂಗಳಿಗೊಮ್ಮೆ ಅಳೆಯಿರಿ

ದಿನಾ ಅಳೆದರೆ ಏನೂ ಕಾಣುವುದಿಲ್ಲ, ಬೇಸರ ಮಾತ್ರ ಬರುತ್ತದೆ. ತಿಂಗಳ ಮೊದಲ ಭಾನುವಾರ ಅದೇ ವರಸೆಯನ್ನು ಅದೇ ಕೋಣೆಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಮೂರು ತಿಂಗಳ ಹಿಂದಿನದರ ಜೊತೆ ಕೇಳಿ. ಉಸಿರಿನ ಸದ್ದು ಕಡಿಮೆಯಾಗಿದೆಯೇ, ಸ್ವರ ಅಲುಗಾಡುವುದು ನಿಂತಿದೆಯೇ ಎಂದಷ್ಟೇ ನೋಡಿ. ಕ್ರೋಶದವರು ಮೊದಲು ಹೆಣೆದ ತುಂಡನ್ನು ಬಿಚ್ಚದೆ ಇಟ್ಟುಕೊಳ್ಳಿ.

ವೇಗ ಏರಿಸಲು ಒಂದು ನಿಯಮ: ಒಂದೇ ವೇಗದಲ್ಲಿ ಸತತ ಮೂರು ದಿನ ತಪ್ಪಿಲ್ಲದೆ ಬಂದರೆ ಮಾತ್ರ 60ರಿಂದ 64ಕ್ಕೆ ಹೋಗಿ. ಮತ್ತೆ ಎಡವಿದರೆ ಹಿಂದಕ್ಕೆ ಬನ್ನಿ. ಇದರಲ್ಲಿ ಅವಮಾನ ಏನೂ ಇಲ್ಲ, ಎಲ್ಲರೂ ಹೀಗೆಯೇ ಕಲಿಯುವುದು.

ನಿಜವಾಗಿ ನಿಂತುಹೋಗಿದ್ದೀರಿ ಎನ್ನುವುದಕ್ಕೆ ಗುರುತು ಬೇರೆ ಇದೆ. ಬರುವುದನ್ನೇ ಮತ್ತೆ ಮತ್ತೆ ನುಡಿಸುತ್ತಿದ್ದರೆ, ಬರದ ಜಾಗ ಬಂದಾಗ ಮೊದಲಿನಿಂದ ಶುರು ಮಾಡುತ್ತಿದ್ದರೆ, ಅಭ್ಯಾಸದ ಬದಲು ಹೊಸ ಸಾಮಾನು ಹುಡುಕುತ್ತಿದ್ದರೆ ಎಚ್ಚರವಾಗಿ. ಬರದ ಆ ನಾಲ್ಕು ಸ್ವರಗಳನ್ನು ಮಾತ್ರ ಬಿಡಿಸಿ ಅಭ್ಯಾಸ ಮಾಡಿ.

8. ಬಿಟ್ಟುಹೋದ ಮೇಲೆ ವಾಪಸ್ ಬರುವ ಕ್ರಮ

ಸಾವು, ಮದುವೆ, ಜ್ವರ, ಕುಯ್ಲಿನ ಆಳು ಸಿಗದ ವಾರ. ಎಂಥ ಅಳತೆ ಇಟ್ಟರೂ ಒಮ್ಮೊಮ್ಮೆ ಬಿಟ್ಟುಹೋಗುತ್ತದೆ. ವಾಪಸ್ ಬರುವಾಗ ಮೊದಲ ದಿನ ಅಭ್ಯಾಸವೇ ಬೇಡ. ಡಬ್ಬ ತೆರೆದು ಸಾಮಾನು ನೋಡಿ, ಒರೆಸಿ, ನೋಟ್‌ಬುಕ್ಕಿನ ಕೊನೆಯ ಸಾಲು ಓದಿ. ಮರುದಿನದಿಂದ ಒಂದು ವಾರ ಅರ್ಧ ಪಾಲು. ಆಮೇಲೆ ಪೂರ್ತಿ.

ಹಳೆಯ ಬಾಕಿ ತೀರಿಸಲು ಹೋಗಬೇಡಿ. ಬಿಟ್ಟ ದಿನಗಳನ್ನು ಕೂಡಿಸಿ ಒಂದೇ ವಾರದಲ್ಲಿ ಊದಿದರೆ ತುಟಿ ಸೋಲುತ್ತದೆ, ತಲೆ ಸುತ್ತುತ್ತದೆ. ಪೂರ್ತಿ ಮೊದಲ ಪಾಠಕ್ಕೂ ಹೋಗಬೇಡಿ. ಕೊನೆಗೆ ಮಾಡಿದ್ದಕ್ಕಿಂತ ಎರಡು ಪಾಠ ಹಿಂದಿನಿಂದ ಹಿಡಿದರೆ ಸಾಕು.

9. ಗುರುಗಳ ಹತ್ತಿರ ಯಾವಾಗ, ಹೇಗೆ

ಓದಿಗೆ, ಕ್ರೋಶಕ್ಕೆ ಒಬ್ಬರೇ ಸಾಗಬಹುದು. ವಾದ್ಯಕ್ಕೆ ಮೊದಲ ಎರಡು ಮೂರು ತಿಂಗಳು ಯಾರಾದರೂ ಕಣ್ಣಲ್ಲಿ ನೋಡಲೇಬೇಕು. ತುಟಿ ಇಡುವುದು, ಕೂರುವುದು, ಬೆರಳಿನ ಬಿಗಿ, ಇವು ತಪ್ಪಿದರೆ ವಿಡಿಯೋ ನೋಡಿ ತಿದ್ದಿಕೊಳ್ಳಲು ಆಗುವುದಿಲ್ಲ. ಬೆರಳು ಜೋಮು ಹಿಡಿದರೆ, ಮಣಿಕಟ್ಟು ಅಥವಾ ಭುಜ ಅಭ್ಯಾಸ ಮುಗಿದ ಮೇಲೂ ನೋಯುತ್ತಿದ್ದರೆ ತಕ್ಷಣ ನಿಲ್ಲಿಸಿ ಗುರುಗಳಿಗೆ ತೋರಿಸಿ. ನೋವು ಕಡಿಮೆಯಾಗದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಕ್ಲಾಸಿನ ಹೊತ್ತು ಆರಿಸುವಾಗ ಹೋಗುವುದಕ್ಕಿಂತ ವಾಪಸ್ ಬರುವ ಬಸ್ಸನ್ನು ಮೊದಲು ನೋಡಿ. ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟದ ರಸ್ತೆಗಳಲ್ಲಿ ಕತ್ತಲಾದ ಮೇಲೆ ಆನೆ ಇರುತ್ತದೆ, ಸಂಜೆಯ ಕ್ಲಾಸ್ ಅಲ್ಲಿಯವರಿಗೆ ಹೊಂದುವುದಿಲ್ಲ. ಗೋಣಿಕೊಪ್ಪಕ್ಕೋ ಮಡಿಕೇರಿಗೋ ಸಂತೆಗೆ ಹೇಗೂ ಹೋಗುವ ದಿನದ ಬೆಳಗಿನ ಹೊತ್ತು ಕೇಳಿ ನೋಡಿ.

ಸೇರುವ ದಿನವೇ ನಿಮ್ಮ ವರ್ಷದ ಪುಟವನ್ನು ಗುರುಗಳಿಗೆ ತೋರಿಸಿ. "ಸರ್, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹದಿನೈದು ದಿನಕ್ಕೊಮ್ಮೆ ಮಾತ್ರ ಬರಲು ಆಗುತ್ತದೆ, ಆ ತಿಂಗಳುಗಳಿಗೆ ಹೊಸ ಪಾಠ ಬೇಡ, ಹಳೆಯದನ್ನೇ ತಿದ್ದಿಕೊಡಿ" ಎಂದು ಮೊದಲೇ ಹೇಳಿದರೆ ಬಹುಪಾಲು ಗುರುಗಳು ಒಪ್ಪುತ್ತಾರೆ, ಅವರ ಮನೆಯಲ್ಲೂ ಕುಯ್ಲು ಇರುತ್ತದೆ ಅಲ್ವಾ. ಶುಲ್ಕವನ್ನು ವರ್ಷಕ್ಕೆ ಒಟ್ಟಿಗೆ ಕಟ್ಟದೆ ತಿಂಗಳ ಲೆಕ್ಕದಲ್ಲಿ ಕೊಡುತ್ತೇನೆ ಎಂಬುದನ್ನೂ ಆಗಲೇ ಮಾತಾಡಿಕೊಳ್ಳಿ.